ಎರಡು ಚಮಚ ಉಚ್ಚೆಯ ಲೆಕ್ಕ: ಶಿಟ್ಜು ಮರಿಗೆ ಜಾಗ ಕಲಿಸಿದ್ದು ಹೀಗೆ

ಲ್ಯಾಬ್ರಡಾರ್‌ನಂಥ ದೊಡ್ಡ ತಳಿಯ ನಾಯಿಮರಿ ಹಾಲ್‌ನಲ್ಲಿ ಉಚ್ಚೆ ಹೊಯ್ದರೆ ಮನೆಮಂದಿಯೆಲ್ಲ ಬಟ್ಟೆ ಹಿಡಿದು ಓಡುತ್ತಾರೆ. ಶಿಟ್ಜು, ಪೊಮೇರಿಯನ್ ಥರದ ಸಣ್ಣ ತಳಿಯ ಮರಿ ಹೊಯ್ಯುವುದು ಎರಡು ಚಮಚ. ಯಾರೂ ನೋಡುವ ಮೊದಲೇ ಸೋಫಾ ಕಾಲಿನ ಹತ್ತಿರ ಒಣಗಿಹೋಗಿರುತ್ತದೆ. ಹಾಗೆ ತಪ್ಪಿಹೋದ ಒಂದೊಂದು ಸಲವೂ ಮರಿಗೆ ‘ಇದೂ ನನ್ನ ಜಾಗವೇ’ ಅಂತ ಪಾಠ. ಸಣ್ಣ ತಳಿ ಬೇಗ ಕಲಿಯಲ್ಲ ಅನ್ನುವ ಮಾತು ಬಹುಪಾಲು ಇಲ್ಲಿಂದಲೇ ಹುಟ್ಟಿದ್ದು.

ಎಂಟು ವಾರದ ಮರಿಗೆ ಮನೆಯೆಲ್ಲ ಬಿಟ್ಟುಕೊಡಬಾರದು. ಫ್ಲ್ಯಾಟ್‌ನ ಹಾಲ್ ಮೂಲೆಯಲ್ಲಿ ನಾಲ್ಕಡಿ ಉದ್ದ, ನಾಲ್ಕಡಿ ಅಗಲದ ಬೇಲಿ ಹಾಕಿ, ಒಂದು ತುದಿಗೆ ಹಾಸಿಗೆ, ಎದುರು ತುದಿಗೆ ಉಚ್ಚೆ-ಕಕ್ಕಕ್ಕೆ ಟ್ರೇ ಇಟ್ಟೆ. ಟ್ರೇಯಲ್ಲಿ ಪ್ಲಾಸ್ಟಿಕ್ ಹುಲ್ಲು, ಅದರಡಿ ನ್ಯೂಸ್‌ಪೇಪರ್. ಅಂಗಡಿಯಲ್ಲಿ ಸಿಗುವ, ಉಚ್ಚೆ ಹೀರುವ ಬಟ್ಟೆಯಂಥ ಪ್ಯಾಡ್ ಬೇಡ ಅಂದಿದ್ದಕ್ಕೆ ಕಾರಣವಿದೆ: ಮರಿ ಜಾಗವನ್ನು ಗುರುತಿಡುವುದು ಪಾದಕ್ಕೆ ತಗಲುವ ಸ್ಪರ್ಶದಿಂದ. ಪ್ಯಾಡ್ ಕಲಿತ ಮರಿಗೆ ಕಾಲೊರಸು, ಬೆಡ್‌ಶೀಟ್ ಎಲ್ಲ ಒಂದೇ. ಮೊದಲ ನಾಲ್ಕೈದು ದಿನ ಉಚ್ಚೆ ತಗಲಿದ ಪೇಪರಿನ ಅಂಗೈಯಗಲ ತುಂಡನ್ನು ಹುಲ್ಲಿನಡಿ ಉಳಿಸಬೇಕು, ವಾಸನೆಯೂ ದಾರಿ ತೋರಿಸುತ್ತದೆ. ಮನೆಯ ಕಾಲೊರಸುಗಳನ್ನು ಅಷ್ಟೂ ದಿನ ಮಡಚಿಟ್ಟರೆ ಒಳ್ಳೆಯದು.

ಟ್ರೇಗೆ ಒಯ್ಯುವ ಹೊತ್ತು: ನಿದ್ದೆಯಿಂದ ಎದ್ದ ತಕ್ಷಣ, ಊಟವಾದ ಹತ್ತಿಪ್ಪತ್ತು ನಿಮಿಷಕ್ಕೆ, ಆಟದ ನಡುವೆ, ಇಲ್ಲದಿದ್ದರೆ ಗಂಟೆಗೊಮ್ಮೆ. ರಾತ್ರಿ ಹನ್ನೊಂದು, ಎರಡೂವರೆ, ಐದೂವರೆಗೆ ಅಲಾರಂ. ಮೂಗು ನೆಲಕ್ಕಿಟ್ಟು ಸುತ್ತತೊಡಗಿದರೆ ಗಡಿಯಾರ ನೋಡುತ್ತ ಕೂರಬೇಡಿ. ಕೂತಾಗ ‘ಸುಸು’ ಅನ್ನುವುದು, ಮುಗಿದ ಎರಡು ಸೆಕೆಂಡಿನೊಳಗೆ ಕಡಲೆಕಾಳಿನಷ್ಟು ಬೇಯಿಸಿದ ಕೋಳಿ, ಅದೂ ಟ್ರೇ ಪಕ್ಕದಲ್ಲೇ. ಅಡುಗೆಮನೆಗೆ ಕರೆದು ಕೊಟ್ಟರೆ ಅಡುಗೆಮನೆಗೆ ಬಂದದ್ದಕ್ಕೆ ಸಿಕ್ಕ ಬಹುಮಾನವಾಗುತ್ತದೆ.

ಸಣ್ಣ ಮರಿಯೆಂದರೆ ಎಲ್ಲರೂ ಎತ್ತಿಕೊಂಡು ಹೋಗುತ್ತಾರೆ. ಮೊದಲ ವಾರ ಸರಿ. ಆಮೇಲೂ ಎತ್ತುತ್ತಿದ್ದರೆ ದಾರಿ ಕಲಿಯುವುದು ನೀವೇ, ಮರಿಯಲ್ಲ. ಎರಡನೇ ವಾರದಿಂದ ಅದು ತನ್ನ ನಾಲ್ಕು ಕಾಲಲ್ಲೇ ನಡೆದು ಹೋಗಲಿ. ಕಡಿಮೆ ಹೋಗಲಿ ಅಂತ ಊಟ ಕಡಿತ ಮಾಡುವವರೂ ಇದ್ದಾರೆ, ಅದು ಅಪಾಯ: ಇಷ್ಟು ಸಣ್ಣ ಮರಿಗೆ ಹೊಟ್ಟೆ ಖಾಲಿಬಿದ್ದರೆ ರಕ್ತದ ಸಕ್ಕರೆ ಇಳಿದು ತೂರಾಡಿ ಬೀಳಬಹುದು. ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ, ಹೊತ್ತು ತಪ್ಪದೆ. ತಿಂದದ್ದು ಹೊತ್ತಿಗಾದರೆ ಕಕ್ಕವೂ ಹೊತ್ತಿಗೇ.

ತಪ್ಪು ಜಾಗದಲ್ಲಿ ಹೊಯ್ದರೆ ಮೂತಿ ತಿಕ್ಕುವುದು, ಗದರುವುದು ಬೇಡ; ಮುಂದಿನ ಸಲ ಮಂಚದಡಿ ಅವಿತು ಹೊಯ್ಯುತ್ತದೆ. ನೆಲಕ್ಕೆ ಫಿನೈಲ್ ಹಾಕುವುದೂ ತಪ್ಪು. ನಮ್ಮ ಮೂಗಿಗೆ ಮುಚ್ಚಿದ ವಾಸನೆ ಅದರ ಮೂಗಿಗೆ ಹಾಗೆಯೇ ಇರುತ್ತದೆ, ಜೊತೆಗೆ ಪಾದ ನೆಕ್ಕಿದರೆ ಫಿನೈಲ್ ಹೊಟ್ಟೆಗೆ. ಟೈಲ್ಸ್‌ಗೆ ಬಿಳಿ ವಿನೆಗರ್ ಮತ್ತು ನೀರು ಸಮಸಮ. ಮಾರ್ಬಲ್, ಕಡಪಾ ಕಲ್ಲಾದರೆ ವಿನೆಗರ್ ಹೊಳಪು ತಿನ್ನುತ್ತದೆ. ಅಲ್ಲಿ ಉಚ್ಚೆಯ ವಾಸನೆಯನ್ನೇ ಒಡೆಯುವ ಎನ್‌ಜೈಮ್ ಇರುವ ಕ್ಲೀನರ್. ಹಳೆಯ ಕಲೆ ಹುಡುಕಲು ರಾತ್ರಿ ದೀಪ ಆರಿಸಿ, ನೋಟು ಪರೀಕ್ಷಿಸುವ ಯುವಿ ಟಾರ್ಚ್ ಹಿಡಿದು ನೋಡಿ. ಸೋಫಾ ಕಾಲಿನ ಸುತ್ತ ಹಳದಿ ಹೊಳೆಯುವುದನ್ನು ಕಂಡರೆ ಗೊತ್ತಾಗುತ್ತದೆ ಎಷ್ಟು ಪಾಠ ತಪ್ಪಿಹೋಗಿದೆ ಅಂತ.

ಲಸಿಕೆಯ ಕೋರ್ಸ್ ಮುಗಿಯುವವರೆಗೆ, ಅಂದರೆ ಮರಿಗೆ ಸುಮಾರು ಹದಿನಾರು ವಾರ ತುಂಬುವವರೆಗೆ, ಬೀದಿ ನೆಲಕ್ಕೆ ಇಳಿಸಬಾರದು; ಮರಿಗಳ ಜೀವಕ್ಕೇ ಕುತ್ತು ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಅಷ್ಟರಲ್ಲಿ ಟ್ರೇಯನ್ನು ದಿನಕ್ಕೊಂದಡಿ ಸರಿಸುತ್ತ ಬಾಲ್ಕನಿಗೆ ಮುಟ್ಟಿಸಬಹುದು. ಕಲಿತ ಮರಿ ದಿಢೀರನೆ ಪದೇಪದೇ ನಾಲ್ಕು ಹನಿ ಹೊಯ್ಯತೊಡಗಿದರೆ ಅದು ಮೂತ್ರದ ಸೋಂಕಿರಬಹುದು, ಡಾಕ್ಟರ್ ಹತ್ತಿರ ಹೋಗಿ.

ಬೇಲಿಯಾಚೆ ಹದಿನೈದು ದಿನ ಒಂದು ಹನಿಯೂ ಬೀಳದಿದ್ದರೆ ಒಂದು ರೂಮು ತೆರೆಯಿರಿ. ಅಲ್ಲಿ ಒದ್ದೆಯಾದರೆ ಬಾಗಿಲು ಮುಚ್ಚಿ ಮತ್ತೆ ಒಂದರಿಂದ ಎಣಿಕೆ.