ಆಣೆ ಮಾಡಿಸುವ ಮೊದಲು ಡಾಕ್ಟರಿಗೆ ತೋರಿಸಿ

ನಮ್ಮ ಮನೆಯವರು ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ಜೀಪ್ ಓಡಿಸುತ್ತಾರೆ. ಮೊದಲು ಸಂತೆ ದಿನ ಮಾತ್ರ ಒಂದು ನೈಂಟಿ ಹಾಕುತ್ತಿದ್ದರು. ಆಮೇಲೆ ದಿನಾ ಎರಡು ಕ್ವಾರ್ಟರ್, ಬೆಳಿಗ್ಗೆ ಕೈನಡುಕ ನಿಲ್ಲೋಕೆ ಇನ್ನೊಂದು ನೈಂಟಿ. ಈಗ ಬಿಟ್ಟು ಮೂರು ವರ್ಷ. ‘ಹೇಗೆ ಬಿಡಿಸಿದ್ರಿ ಅಕ್ಕಾ’ ಅಂತ ನನ್ನ ಟೈಲರಿಂಗ್ ಅಂಗಡಿಗೆ ಬರುವ ಹೆಂಗಸರು ದನಿ ತಗ್ಗಿಸಿ ಕೇಳುತ್ತಾರೆ. ಮೊದಲು ನನ್ನ ಎರಡು ತಪ್ಪು ಹೇಳುತ್ತೇನೆ.

ಒಂದು, ಪುಡಿ. ‘ಗೊತ್ತಾಗದಂತೆ ಕುಡಿತ ಬಿಡಿಸಿ’ ಅಂತ ಗೋಡೆ ಮೇಲೆ ಬರೆದಿರುತ್ತಾರಲ್ಲ, ಅದನ್ನು ತರಿಸಿ ಕಾಫಿಗೆ ಬೆರೆಸಿದೆ. ಪೊಟ್ಟಣದ ಮೇಲೆ ಒಂದಕ್ಷರ ಇರಲಿಲ್ಲ. ಅವತ್ತು ಕುಡಿದು ಬಂದವರಿಗೆ ಮುಖವೆಲ್ಲ ಕೆಂಪು, ವಾಂತಿ, ಎದೆ ಡವಡವ. ಕುಡಿತ ಬಿಡಿಸೋಕೆ ಕೊಡುವ ಡೈಸಲ್ಫಿರಾಮ್ ಅನ್ನುವ ಮಾತ್ರೆ ತಗೊಂಡು ಕುಡಿದರೆ ಹೀಗಾಗುತ್ತದೆ, ಪ್ರಾಣಕ್ಕೂ ಬರಬಹುದು. ಅದನ್ನು ಡಾಕ್ಟರೇ ಕೊಡಬೇಕು, ಅದೂ ಕುಡಿಯುವವರಿಗೆ ಹೇಳಿ ಒಪ್ಪಿಸಿ.

ಎರಡು, ಆಣೆ. ಭಾನುವಾರ ರಾತ್ರಿ ಕರ್ಪೂರ ಹಚ್ಚಿ ಆಣೆ ಮಾಡಿಸಿದೆ. ಪಾಪ, ಒಂದು ತೊಟ್ಟೂ ಮುಟ್ಟಲಿಲ್ಲ. ಮಂಗಳವಾರ ಬೆಳಗಿನ ಜಾವ ಫಿಟ್ಸ್ ಬಂತು. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದೆವು. ಬುಧವಾರ ರಾತ್ರಿ ಗೋಡೆ ಮೇಲೆ ಹಾವು ಹರಿಯುತ್ತಿದೆ ಅಂತ ಕೂಗಾಟ. ಆಗ ಹಾಸನಕ್ಕೆ ಓಡಿದೆವು.

ಅದು ಗಾಳಿ ಅಲ್ಲ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಯಲ್ಲಿ ನಡುಕ, ಬೆವರು ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇಲ್ಲದ್ದು ಕಾಣೋದು, ಜ್ವರ, ಬಡಬಡಿಕೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಆಗಬಹುದು. ಬೆಳಿಗ್ಗೆ ಎದ್ದ ತಕ್ಷಣ ಕುಡಿಯಲೇಬೇಕು ಅನ್ನುವವರನ್ನು, ಹಿಂದೆ ಫಿಟ್ಸ್ ಬಂದವರನ್ನು ಮನೆಯಲ್ಲೇ ಕೂಡಿಹಾಕಿ ಬಿಡಿಸಬೇಡಿ.

ಮಾತಾಡೋಕೆ ಬೆಳಿಗ್ಗೆಯೇ ಸರಿ. ರಾತ್ರಿ ಬೈದು ಪ್ರಯೋಜನವಿಲ್ಲ. ನಾನು ಹತ್ತು ವರ್ಷ ಬೈದು ನೋಡಿದ್ದೇನೆ. ಮಾನಸಿಕ ರೋಗದ ಡಾಕ್ಟರ್ ಯಾವ ದಿನ ಸಿಗುತ್ತಾರೆ ಅಂತ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. ಹಾಸನದಲ್ಲಿ ಹಿಮ್ಸ್ ಅನ್ನುವ ಸರ್ಕಾರಿ ದೊಡ್ಡಾಸ್ಪತ್ರೆ ಇದೆ. ಹೊರಗೆ ಹೋಗೋಕೆ ನಾಚಿಕೆಯಾದರೆ ಮನಸ್ಸಿನ ತೊಂದರೆಗೆ ಅಂತ ಸರ್ಕಾರ ನಡೆಸುವ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ. ಚಟ ಬಿಡಿಸೋಕೆ ಅಂತಲೇ 14446 ಕೂಡ ಇದೆ.

ಡಾಕ್ಟರ್ ಮುಂದೆ ‘ಸ್ವಲ್ಪ ತಗೋತಾರೆ ಸಾರ್’ ಅನ್ನಬೇಡಿ. ಎಷ್ಟು ಕ್ವಾರ್ಟರ್, ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ, ಬೇರೆ ಯಾವ ಮಾತ್ರೆ ನುಂಗುತ್ತಾರೆ, ಎಲ್ಲ ಹೇಳಿ. ಇನ್ನೊಂದು ಮಾತು. ಸುಸ್ತು ಅಂತ ಊರಲ್ಲಿ ಸುಮ್ನೆ ಗ್ಲೂಕೋಸ್ ಹಾಕಿಸುತ್ತೇವೆ, ಅಲ್ವಾ? ಊಟ ಬಿಟ್ಟು ಕುಡಿದವರ ಮೈಯಲ್ಲಿ ಬಿ1 ವಿಟಮಿನ್ ತೀರಾ ಕಡಿಮೆಯಾಗಿರಬಹುದು. ಅದನ್ನು ಕೊಡದೆ ಗ್ಲೂಕೋಸ್ ಹಾಕಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ಹಾಗಾಗಿ ಇವರು ಕುಡಿಯುತ್ತಾರೆ ಅಂತ ಮೊದಲೇ ಹೇಳಿಬಿಡಿ. ನಡುಕಕ್ಕೆ ಕೊಡುವ ಮಾತ್ರೆಯನ್ನು ಡಾಕ್ಟರೇ ದಿನಕ್ಕಿಷ್ಟು ಅಂತ ಇಳಿಸುತ್ತಾರೆ. ಚೆನ್ನಾಗಿ ನಿದ್ದೆ ಬರುತ್ತೆ ಅಂತ ನೀವೇ ಮುಂದುವರಿಸಿದರೆ ಅದೇ ಇನ್ನೊಂದು ಚಟ.

ಆಸ್ಪತ್ರೆ ಹತ್ತು ದಿನದಲ್ಲಿ ಮುಗಿಯಿತು. ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಸಂಜೆ ಆರು ಗಂಟೆಗೆ ಅವರ ಕಾಲು ತಾನಾಗಿ ಬಾರ್ ಕಡೆ ತಿರುಗುತ್ತಿತ್ತು. ಆ ಹೊತ್ತಿಗೆ ಮಗಳನ್ನು ಟ್ಯೂಷನ್ನಿಂದ ಕರೆತರುವ ಕೆಲಸ ಹಚ್ಚಿದೆ. ಕೊಯ್ಲಿನ ಬೋನಸ್ಸನ್ನು ಅವರೇ ನನ್ನ ಖಾತೆಗೆ ಹಾಕಿಸಿದರು. ಆಸೆ ತಗ್ಗಿಸೋಕೆ ಡಾಕ್ಟರ್ ನಾಲ್‌ಟ್ರೆಕ್ಸೋನ್ ಬರೆದಿದ್ದರು.

ಆದರೂ ಐದನೇ ತಿಂಗಳಲ್ಲಿ ಒಂದು ಬೀಗರೂಟದಲ್ಲಿ ಜಾರಿದರು. ನಾನು ಅತ್ತೆ, ಬೈಯಲಿಲ್ಲ. ಮರುದಿನ ಮೊದಲ ಬಸ್ಸಿಗೇ ಹಾಸನ. ‘ಇದು ಆಗುವುದೇ, ಮತ್ತೆ ಬಂದಿರಲ್ಲ, ಸಾಕು’ ಅಂದರು ಡಾಕ್ಟರ್.

ಈಗಲೂ ಬೀಗರೂಟಕ್ಕೆ ಹೋಗುತ್ತೇವೆ, ಮೊದಲ ಪಂಕ್ತಿಗೇ ಕೂರುತ್ತೇವೆ. ಅವರು ಕೈ ತೊಳೆಯುವಷ್ಟರಲ್ಲಿ ‘ಮಿಷನ್ ಮೇಲೆ ಬ್ಲೌಸ್ ಬಿಟ್ಟು ಬಂದಿದ್ದೀನಿ, ನಡೀರಿ’ ಅಂತ ಎಬ್ಬಿಸುತ್ತೇನೆ. ಯಾವ ಬ್ಲೌಸ್ ಅಂತ ಅವರು ಇವತ್ತಿನವರೆಗೂ ಕೇಳಿಲ್ಲ.