ಬಿಟ್ಟದ್ದು, ಬದಲಿಸಿದ್ದು, ಸೇರಿಸಿದ್ದು: ಹ್ಯಾರಿ ಪಾಟರ್ ಜೊತೆ ಹತ್ತು ತಿಂಗಳು

ಇನ್ನೂರು ಪುಟದ ಗೆರೆ ನೋಟ್‌ಬುಕ್ಕು. ಪ್ರತಿ ಪುಟದಲ್ಲೂ ಮೂರು ಕಾಲಂ: ಬಿಟ್ಟದ್ದು, ಬದಲಿಸಿದ್ದು, ಸೇರಿಸಿದ್ದು. ಹ್ಯಾರಿ ಪಾಟರ್ ಸರಣಿಯ ಏಳು ಪುಸ್ತಕ ಓದುತ್ತಾ, ಎಂಟು ಚಿತ್ರ ನೋಡುತ್ತಾ ನಾನೂ ಅಕ್ಕನ ಮಗಳೂ ಸೇರಿ ತುಂಬಿಸಿದ್ದು. ಹತ್ತು ತಿಂಗಳು ಹಿಡಿಯಿತು. ಶುರುವಾಗಿದ್ದು ಒಂದು ಜಗಳದಿಂದ.

ನಾನು ಪುಸ್ತಕದಿಂದ ಬಂದವಳು. 2001ರಲ್ಲಿ ಮೊದಲ ಚಿತ್ರ ಬರುವ ಹೊತ್ತಿಗೆ ಆವರೆಗಿನ ನಾಲ್ಕೂ ಪುಸ್ತಕ ಓದಿದ್ದೆ. ಹ್ಯಾರಿಯ ಮುಖ, ಹಾಗ್ವಾರ್ಟ್ಸ್ ಎಂಬ ಮಾಂತ್ರಿಕ ಶಾಲೆಯ ಮೆಟ್ಟಿಲು, ಅಲ್ಲಿನ ಮುಖ್ಯೋಪಾಧ್ಯಾಯ ಡಂಬಲ್‌ಡೋರ್‌ರ ದನಿ ಎಲ್ಲವೂ ನನ್ನ ತಲೆಯೊಳಗೆ ಆಗಲೇ ಗಟ್ಟಿಯಾಗಿ ಕೂತಿದ್ದವು. ಅವಳು ಚಿತ್ರದಿಂದ ಬಂದವಳು. ಎಷ್ಟು ಸಲ ನೋಡಿದ್ದಾಳೆಂದರೆ ಮಾತುಗಳು ಬಾಯಿಪಾಠ.

ಒಂದು ಸಂಜೆ ನಾಲ್ಕನೆಯ ಚಿತ್ರ ಹಾಕಿಕೊಂಡಿದ್ದಳು. ಸ್ಪರ್ಧಿಗಳನ್ನು ಆರಿಸುವ ಬೆಂಕಿಯ ಬಟ್ಟಲಿನಿಂದ ಹ್ಯಾರಿಯ ಹೆಸರು ಹೊರಬಿದ್ದ ಮೇಲೆ ಡಂಬಲ್‌ಡೋರ್ ಅವನತ್ತ ನುಗ್ಗಿ ಬಂದು, ಹಿಡಿದು ಅಲುಗಿಸಿ, ಹೆಸರು ಹಾಕಿದ್ದು ನೀನೇನಾ ಎಂದು ಕೇಳುತ್ತಾರೆ. ಪುಸ್ತಕದಲ್ಲಿ ಅದೇ ಪ್ರಶ್ನೆಯನ್ನು ಅವರು ಕೇಳುವುದು ಶಾಂತವಾಗಿ. ಓದುಗರಿಗೆ ಇದು ಇವತ್ತಿಗೂ ಆರದ ಗಾಯ. 'ಶಾಂತವಾಗಿ' ಅನ್ನುವ ಒಂದೇ ಪದ ಹೇಳಿ, ಯಾವ ದೃಶ್ಯದ ಮಾತು ಅಂತ ಅಭಿಮಾನಿಗಳಿಗೆ ಗೊತ್ತಾಗಿಬಿಡುತ್ತದೆ. ನಾನೂ ಅದನ್ನೇ ಹೇಳಿದೆ. ಅದರ ಬೆನ್ನಿಗೆ ಇನ್ನೂ ಏಳೆಂಟು ದೂರು ಹೇಳಿದೆ. ಅವಳು ಚಿತ್ರ ನಿಲ್ಲಿಸಿದಳು.

"ಚಿಕ್ಕಮ್ಮ, ಪ್ರತಿ ಸಲ ಹೀಗೇ ಮಾಡ್ತೀಯ. ಇದರಲ್ಲಿ ನಿನಗೇನು ಇಷ್ಟ ಅಂತ ಒಂದು ಸಲನೂ ಹೇಳಿಲ್ಲ."

ಹದಿಮೂರರ ಹುಡುಗಿ, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು. ಅವಳು ಪ್ರೀತಿಸುವ ಒಂದು ಲೋಕವನ್ನು ನಾನು ವರ್ಷಗಟ್ಟಲೆ ಅವಳೆದುರೇ ಕಿತ್ತು ಹಾಕುತ್ತಿದ್ದೆ. ನನ್ನ ಲೋಕವೂ ಅದೇ ಆಗಿತ್ತು ಅನ್ನುವುದು ಅವಳಿಗೆ ಕಾಣುವಂತೆ ನಾನು ಯಾವತ್ತೂ ನಡೆದುಕೊಂಡಿರಲಿಲ್ಲ.

ಮರುದಿನ ಮಾತಾಡಿ ಒಪ್ಪಂದ ಮಾಡಿಕೊಂಡೆವು. ಅವಳು ಪುಸ್ತಕ ಓದಬೇಕು, ನಾನು ಮತ್ತೆ ಓದಬೇಕು. ಪುಸ್ತಕ ಮುಗಿದು ಎರಡು ವಾರ ಕಳೆಯುವವರೆಗೆ ಚಿತ್ರ ಹಾಕುವಂತಿಲ್ಲ. ಚಿತ್ರ ನಡೆಯುವಾಗ ಬಾಯಿ ಬಿಡುವಂತಿಲ್ಲ, ಬರೆಯುವುದೆಲ್ಲ ಮರುದಿನ. ಎರಡು ವಾರದ ಬಿಡುವು ನನ್ನ ಸಲಹೆ. ಈ ಇಡೀ ಪ್ರಯೋಗದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದೂ ಅದೇ. ನಿನ್ನೆ ಓದಿ ಇವತ್ತು ಚಿತ್ರ ನೋಡಿದರೆ ಕಣ್ಣು ಬರೀ ಲೆಕ್ಕ ಪರಿಶೋಧನೆ ಮಾಡುತ್ತದೆ. ಎರಡು ವಾರ ಬಿಟ್ಟರೆ ವಿವರಗಳು ತಳಕ್ಕಿಳಿದು, ಮುಖ್ಯವಾದದ್ದು ಮಾತ್ರ ಮೇಲೆ ನಿಲ್ಲುತ್ತದೆ. ಆಗ ಚಿತ್ರದಲ್ಲಿ ಯಾವುದು ಇಲ್ಲ ಅಂತ ಅನ್ನಿಸುತ್ತದೋ ಅದು ನಿಜವಾಗಿಯೂ ಬೇಕಾಗಿದ್ದದ್ದು.

ಮೊದಲೆರಡು ಕಥೆಗಳಲ್ಲಿ ಜಗಳಕ್ಕೆ ಹೆಚ್ಚು ಜಾಗವಿರಲಿಲ್ಲ. ಪುಸ್ತಕಗಳು ಚಿಕ್ಕವು, ನಿರ್ದೇಶಕ ಕ್ರಿಸ್ ಕೊಲಂಬಸ್ ಎರಡನ್ನೂ ಹೆಚ್ಚುಕಡಿಮೆ ಪೂರ್ತಿಯಾಗಿ ತೆರೆಗೆ ತಂದರು. ಎರಡನೆಯ ಚಿತ್ರ 161 ನಿಮಿಷ, ಎಂಟರಲ್ಲಿ ಅತಿ ಉದ್ದದ್ದು. ಐದನೆಯದು ಬ್ರಿಟಿಷ್ ಮುದ್ರಣದಲ್ಲಿ 766 ಪುಟದ, ಸರಣಿಯಲ್ಲೇ ದಪ್ಪನೆಯ ಪುಸ್ತಕ. ಅದರ ಚಿತ್ರ 138 ನಿಮಿಷ. ಏಳು ಪುಸ್ತಕ ಸೇರಿ 3,400 ಪುಟ, ಎಂಟು ಚಿತ್ರ ಸೇರಿ ಇಪ್ಪತ್ತು ಗಂಟೆಗಿಂತ ಸ್ವಲ್ಪ ಕಡಿಮೆ. ಬಿಡದೆ ದಾರಿಯೇ ಇಲ್ಲ. ಯಾವುದನ್ನು ಬಿಟ್ಟರು ಅನ್ನುವುದೇ ಉಳಿಯುವ ಪ್ರಶ್ನೆ.

ಮೂರನೆಯ ಕಥೆ ಮುಗಿಯುವಷ್ಟರಲ್ಲಿ 'ಬಿಟ್ಟದ್ದು' ಕಾಲಂ ಉಕ್ಕಿ ಹರಿಯತೊಡಗಿತು. ಎಲ್ಲವನ್ನೂ ಒಂದೇ ಸಮನೆ ಬರೆದರೆ ನನ್ನ ಹಳೆಯ ದೂರುಪಟ್ಟಿಯೇ ಮತ್ತೆ ತಯಾರಾಗುತ್ತದೆ. ಆಗ ನಮಗೆ ಒಂದು ಅಳತೆಗೋಲು ಸಿಕ್ಕಿತು: ಇದನ್ನು ತೆಗೆದದ್ದರಿಂದ ಮುಂದೆ ಯಾವ ಗಂಟು ಬಿಚ್ಚಿಹೋಯಿತು? ಯಾವ ಗಂಟೂ ಬಿಚ್ಚಿಲ್ಲವೆಂದರೆ ಪೆನ್ಸಿಲ್ಲಿನಲ್ಲಿ ಬರೆಯುವುದು. ಬಿಚ್ಚಿದ್ದರೆ ಪೆನ್ನಿನಲ್ಲಿ.

ಈ ಅಳತೆಯಲ್ಲಿ ನನ್ನ ಎಷ್ಟೋ ವರ್ಷದ ನೋವುಗಳು ಪೆನ್ಸಿಲ್ಲಿಗೆ ಇಳಿದವು. ಪೀವ್ಸ್ ಎಂಬ ತುಂಟ ಭೂತ ಯಾವ ಚಿತ್ರದಲ್ಲೂ ಇಲ್ಲ. ಮೊದಲ ಚಿತ್ರಕ್ಕಾಗಿ ರಿಕ್ ಮೇಯಲ್ ಆ ಪಾತ್ರ ಮಾಡಿದ್ದರು, ಸಂಕಲನದಲ್ಲಿ ಕತ್ತರಿಸಿದರು. ನನಗೆ ಪೀವ್ಸ್ ತುಂಬ ಇಷ್ಟ, ಆದರೆ ಅವನಿಲ್ಲದೆ ಕಥೆ ಎಲ್ಲೂ ಎಡವುವುದಿಲ್ಲ. ನೃತ್ಯಕೂಟಕ್ಕೆ ಹ್ಯಾರಿಯ ಗೆಳತಿ ಹರ್ಮಾಯ್ನಿ ತೊಟ್ಟ ನೀಲಿ ಉಡುಪು ಚಿತ್ರದಲ್ಲಿ ಗುಲಾಬಿ. ಬಣ್ಣ ಯಾವುದಾದರೇನು, ಅವಳು ಮೆಟ್ಟಿಲಿಳಿದು ಬರುವಾಗ ಎಲ್ಲರೂ ತಿರುಗಿ ನೋಡಬೇಕು, ನೋಡುತ್ತಾರೆ. ಡಂಬಲ್‌ಡೋರ್‌ರ ಆ 'ಶಾಂತವಾಗಿ' ಬಗ್ಗೆ ಮಾತ್ರ ನಮ್ಮಿಬ್ಬರಿಗೂ ಒಮ್ಮತವಿಲ್ಲ. ಅವಳದು ಪೆನ್ಸಿಲ್, ನನ್ನದು ಈಗಲೂ ಪೆನ್ನು. ಭಯಪಡದ ಒಬ್ಬ ಹಿರಿಯನಿದ್ದಾನೆ ಎಂಬ ನಂಬಿಕೆಯ ಮೇಲೆ ಆರು ಪುಸ್ತಕ ನಿಂತಿವೆ. ಆ ನಂಬಿಕೆ ಗಟ್ಟಿಯಾಗಿದ್ದಷ್ಟೂ ಆರನೆಯ ಕಥೆಯ ಕೊನೆಯಲ್ಲಿ ಅವರ ಸಾವು ಎದೆಗೆ ನಾಟುತ್ತದೆ.

ಪೆನ್ನಿನಲ್ಲಿ ಬರೆದ ಮೊದಲ ದೊಡ್ಡ ನಮೂದು, ಶಾಲೆಯಲ್ಲಿ ಯಾರು ಎಲ್ಲಿದ್ದಾರೆಂದು ತೋರಿಸುವ ಮಾಯಾ ನಕ್ಷೆ. ಅದನ್ನು ಮಾಡಿದವರು ಮೂನಿ, ವರ್ಮ್‌ಟೇಲ್, ಪ್ಯಾಡ್‌ಫುಟ್, ಪ್ರಾಂಗ್ಸ್ ಅಂತ ಮೂರನೆಯ ಚಿತ್ರ ಹೆಸರುಗಳನ್ನು ತೋರಿಸುತ್ತದೆ. ಅವರು ಲ್ಯೂಪಿನ್, ಪೆಟಿಗ್ರೂ, ಸಿರಿಯಸ್ ಮತ್ತು ಹ್ಯಾರಿಯ ತಂದೆ ಜೇಮ್ಸ್ ಅಂತ ಹೇಳುವುದೇ ಇಲ್ಲ. ತೋಳವಾಗುವ ಗೆಳೆಯನನ್ನು ಒಂಟಿಯಾಗಿ ಬಿಡಬಾರದೆಂದು ಮಿಕ್ಕ ಮೂವರೂ ಪ್ರಾಣಿಗಳಾಗುವುದನ್ನು ಕಲಿತರು. ಜೇಮ್ಸ್ ಆದದ್ದು ಕೊಂಬಿನ ಜಿಂಕೆ. ಹ್ಯಾರಿಯ ಮಂತ್ರದಂಡದಿಂದ ಹೊಮ್ಮಿ ಅವನನ್ನು ಕಾಯುವ ಬೆಳಕಿನ ಜಿಂಕೆ ಅವನ ಅಪ್ಪನೇ. ನನ್ನ ಹುಡುಗಿ ಅಷ್ಟು ವರ್ಷ ಆ ಜಿಂಕೆಯನ್ನು ಚೆಂದದ ಪ್ರಾಣಿ ಅಂತ ಮಾತ್ರ ನೋಡಿದ್ದಳು. ಪುಸ್ತಕದಲ್ಲಿ ಆ ಪುಟಕ್ಕೆ ಬಂದ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, "ಅದು ಅವರಪ್ಪನಾ?" ಅಂದಳು. ಬೇರೇನೂ ಹೇಳಲಿಲ್ಲ. ಎರಡು ಮೂರು ವಾಕ್ಯದ ಸಂಭಾಷಣೆಗೆ ಜಾಗವಿರಲಿಲ್ಲ ಅನ್ನುವುದನ್ನು ನಾನು ಒಪ್ಪಲಾರೆ.

ಕನ್ನಡಿಯ ವಿಷಯದಲ್ಲಿ ಮಾತ್ರ ನನ್ನ ಸಿಟ್ಟು ಕರಗಿತು. ಐದನೆಯ ಪುಸ್ತಕದಲ್ಲಿ ಸಿರಿಯಸ್ ಹ್ಯಾರಿಗೆ ಒಂದು ಪೊಟ್ಟಣ ಕೊಡುತ್ತಾನೆ. ಹ್ಯಾರಿ ಅದನ್ನು ಬಿಚ್ಚದೆ ಇಟ್ಟುಬಿಡುತ್ತಾನೆ. ಸಿರಿಯಸ್ ಸತ್ತ ಮೇಲೆ ಬಿಚ್ಚಿದರೆ, ಒಬ್ಬರನ್ನೊಬ್ಬರು ನೋಡಿ ಮಾತಾಡಬಹುದಾದ ಜೋಡಿ ಕನ್ನಡಿಯಲ್ಲಿ ಒಂದು. ಮೊದಲೇ ಬಿಚ್ಚಿದ್ದರೆ ಸಾವೇ ತಪ್ಪುತ್ತಿತ್ತೋ ಏನೋ. ಸರಣಿಯಲ್ಲಿ ಇದಕ್ಕಿಂತ ಕ್ರೂರವಾದ ಪುಟ ನನಗೆ ಗೊತ್ತಿಲ್ಲ. ಐದನೆಯ ಚಿತ್ರದಲ್ಲಿ ಇದಿಲ್ಲ. ಹಾಗಾಗಿ ಏಳನೆಯ ಚಿತ್ರದಲ್ಲಿ ಹ್ಯಾರಿಯ ಕೈಯಲ್ಲಿ ಕನ್ನಡಿಯ ಚೂರೊಂದು ಎಲ್ಲಿಂದಲೋ ಬಂದು ಕೂತಿರುತ್ತದೆ.

ವರ್ಷಗಳನ್ನು ನೋಟ್‌ಬುಕ್ಕಿನ ಅಂಚಿಗೆ ಬರೆದುಕೊಂಡಾಗ ನನಗೆ ಹೊಳೆದದ್ದು ಬೇರೆ. ಐದನೆಯ ಚಿತ್ರ ತೆರೆಗೆ ಬಂದದ್ದು 2007ರ ಜುಲೈಯಲ್ಲಿ. ಏಳನೆಯ ಪುಸ್ತಕ ಹೊರಬಂದದ್ದೂ ಅದೇ ತಿಂಗಳ 21ರಂದು. ಚಿತ್ರಕಥೆ ಬರೆದ ಮೈಕೆಲ್ ಗೋಲ್ಡನ್‌ಬರ್ಗ್ ಕನ್ನಡಿಯನ್ನು ಬಿಟ್ಟಾಗ ಆ ಗಂಟಿನ ಇನ್ನೊಂದು ತುದಿ ಇನ್ನೂ ಅಚ್ಚಾಗಿರಲಿಲ್ಲ. ಅದೇ ಚಿತ್ರದಿಂದ ಕ್ರೀಚರ್ ಎಂಬ, ಮಾಂತ್ರಿಕರ ಮನೆಯ ಆಳಾದ ಮುದಿ ಎಲ್ಫನ್ನೂ ಕೈಬಿಡುವ ಯೋಚನೆ ಇತ್ತು. ಮುಂದೆ ಅವನು ಬೇಕಾಗುತ್ತಾನೆ ಎಂದು ರೌಲಿಂಗ್ ಎಚ್ಚರಿಸಿದ ಮೇಲೆ ಉಳಿಸಿಕೊಂಡರು. ಮುಂದಿನದನ್ನು ಬಲ್ಲ ಲೇಖಕಿ ಬಳಸಿದ್ದೂ ನಮ್ಮ ಅಳತೆಗೋಲನ್ನೇ. ಕೊನೆ ಗೊತ್ತಿಲ್ಲದ ಕಥೆಗೆ ಕತ್ತರಿ ಹಿಡಿಯುವವರ ಕಷ್ಟವನ್ನು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ನಕ್ಷೆಗೆ ಈ ರಿಯಾಯಿತಿ ಇಲ್ಲ. ಅದರ ಕಥೆ 1999ರಲ್ಲೇ ಮೂರನೆಯ ಪುಸ್ತಕದಲ್ಲಿ ಪೂರ್ತಿ ಇತ್ತು.

ಇನ್ನು ಹ್ಯಾರಿಯ ಆಪ್ತ ಗೆಳೆಯ ರಾನ್. ನೋಟ್‌ಬುಕ್ಕಿನಲ್ಲಿ ಅವನಿಗೇ ಹನ್ನೊಂದು ಪುಟ ಹೋಗಿದೆ.

ಮೊದಲ ಪುಸ್ತಕದಲ್ಲಿ ಬಳ್ಳಿಗಳು ಹ್ಯಾರಿಯನ್ನೂ ರಾನ್‌ನನ್ನೂ ಬಿಗಿಯುವಾಗ ಹರ್ಮಾಯ್ನಿ ಗಾಬರಿಬಿದ್ದು, ಬೆಂಕಿ ಹಚ್ಚಲು ಕಟ್ಟಿಗೆ ಇಲ್ಲವಲ್ಲ ಅನ್ನುತ್ತಾಳೆ. ನೀನು ಮಾಟಗಾತಿ ಹೌದೋ ಅಲ್ಲವೋ ಎಂದು ರಾನ್ ಕೂಗುತ್ತಾನೆ. ಚಿತ್ರದಲ್ಲಿ ಹರ್ಮಾಯ್ನಿ ನಿರಾಳ, ಗಾಬರಿಯೆಲ್ಲ ರಾನ್‌ಗೆ. ಎರಡನೆಯ ಪುಸ್ತಕದಲ್ಲಿ ಮಾಂತ್ರಿಕರಲ್ಲದವರ ಮಗಳೆಂದು ಹರ್ಮಾಯ್ನಿಗೆ ಹುಟ್ಟಿನ ಬೈಗುಳ ಬಿದ್ದಾಗ ಅದರ ಅರ್ಥ ಅವಳಿಗೂ ಗೊತ್ತಿಲ್ಲ, ಹ್ಯಾರಿಗೂ ಗೊತ್ತಿಲ್ಲ. ಮಾಂತ್ರಿಕರ ಮನೆಯಲ್ಲಿ ಬೆಳೆದ ರಾನ್ ವಿವರಿಸುತ್ತಾನೆ, ತನ್ನದೇ ಜನರ ಹೇಸಿಗೆಯನ್ನು ತಾನೇ ಹೆಸರಿಸುತ್ತಾನೆ. ಚಿತ್ರದಲ್ಲಿ ಆ ಮಾತೂ ಹರ್ಮಾಯ್ನಿಗೆ ಹೋಗಿದೆ. ಮೂರನೆಯದರಲ್ಲಂತೂ ನನಗೆ ತಡೆಯಲಾಗುವುದಿಲ್ಲ. ಪಾಳು ಮನೆಯಲ್ಲಿ, ಕೊಲೆಗಾರನೆಂದು ಎಲ್ಲರೂ ನಂಬಿದ ಸಿರಿಯಸ್ ಎದುರಿಗಿರುವಾಗ, ಕಾಲು ಮುರಿದ ರಾನ್ ಮುಖ ಬಿಳಿಚಿದರೂ ಎದ್ದು ನಿಲ್ಲುತ್ತಾನೆ. ಹ್ಯಾರಿಯನ್ನು ಕೊಲ್ಲಬೇಕೆಂದರೆ ನಮ್ಮನ್ನೂ ಕೊಲ್ಲಬೇಕು ಅನ್ನುತ್ತಾನೆ. ಚಿತ್ರದಲ್ಲಿ ಆ ಮಾತನ್ನು ಹರ್ಮಾಯ್ನಿ ಹೇಳುತ್ತಾಳೆ. ರಾನ್ ನೋವಿನಿಂದ ನರಳುತ್ತಾ ಕೂತಿರುತ್ತಾನೆ.

ಬಿಡಿಬಿಡಿಯಾಗಿ ನೋಡಿದರೆ ಒಂದೊಂದು ಮಾತು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗಿದೆ, ಅಷ್ಟೆ. 'ಬದಲಿಸಿದ್ದು' ಕಾಲಂನಲ್ಲಿ ಸಾಲಾಗಿ ಬರೆದಾಗಲೇ ಇಡೀ ಪಾತ್ರ ಹೇಗೆ ಸವೆದಿದೆ ಅನ್ನುವುದು ಕಂಡದ್ದು. ರೂಪರ್ಟ್ ಗ್ರಿಂಟ್ ಎಂಥ ಒಳ್ಳೆಯ ನಟ! ಅವರ ಪಾಲಿಗೆ ಉಳಿದದ್ದು ಹೆಚ್ಚಾಗಿ ಹೆದರಿದ ಮುಖ. ಹರ್ಮಾಯ್ನಿಗೂ ಇದರಿಂದ ನಷ್ಟವೇ ಆಯಿತು. ಎಡವುವ, ಹೆದರುವ, ನಿಯಮ ಮುರಿಯಲು ಒದ್ದಾಡುವ ಹುಡುಗಿ ತಪ್ಪೇ ಮಾಡದವಳಾದಳು. "ಚಿತ್ರದ ರಾನ್‌ನನ್ನು ಹರ್ಮಾಯ್ನಿ ಯಾಕೆ ಮದುವೆ ಆಗ್ತಾಳೆ ಅಂತ ನನಗೆ ಯಾವಾಗಲೂ ಅನ್ನಿಸ್ತಿತ್ತು, ಈಗ ಅನ್ನಿಸಲ್ಲ" ಅಂದಳು ನನ್ನ ಹುಡುಗಿ. ಪೆನ್ನಿನಲ್ಲಿ ಬರೆದು ಎರಡು ಸಲ ಅಡಿಗೆರೆ ಎಳೆದದ್ದು ಅವಳೇ.

ಅವಳು ನನಗೆ ತೋರಿಸಿಕೊಟ್ಟದ್ದೂ ಕಡಿಮೆಯಲ್ಲ. 2004ರಲ್ಲಿ ಅಲ್ಫೋನ್ಸೋ ಕ್ವಾರೋನ್ ನಿರ್ದೇಶಿಸಿದ ಮೂರನೆಯ ಚಿತ್ರ ಅಭಿಮಾನಿಗಳನ್ನು ಎರಡು ಪಾಲು ಮಾಡಿತು. ಮಕ್ಕಳು ನಿಲುವಂಗಿ ಬಿಟ್ಟು ಮಾಮೂಲಿ ಬಟ್ಟೆಯಲ್ಲಿ ಓಡಾಡುತ್ತಾರೆ, ಕೊನೆಯಲ್ಲಿ ಪೊರಕೆಯ ಮೇಲೆ ಹಾರುವ ಹ್ಯಾರಿಯ ಮುಖ ಮಸುಕಾಗಿ ನಿಂತುಬಿಡುತ್ತದೆ. ನಾನು ಸಿಟ್ಟಾದ ಪಾಲಿನವಳು. ಈ ಸಲ ಚಿತ್ರ ಮುಗಿದ ಮರುದಿನ ಅವಳು 'ಸೇರಿಸಿದ್ದು' ಕಾಲಂ ತುಂಬಿಸಿ ನನ್ನ ಮುಂದಿಟ್ಟಳು. ಅಂಗಳದ ಬಡಿಯುವ ಮರ ಎಲೆ ಉದುರಿಸುತ್ತದೆ, ಹಿಮ ಕೊಡವುತ್ತದೆ, ಋತು ಸರಿಯುತ್ತದೆ. ದೊಡ್ಡ ಗಡಿಯಾರದ ಲೋಲಕ ಮತ್ತೆ ಮತ್ತೆ ತೂಗುತ್ತದೆ. ಕಾಲವನ್ನು ಹಿಂದೆ ತಿರುಗಿಸುವ ಕಥೆಗೆ ಕಾಲವನ್ನೇ ಕಣ್ಣಿಗೆ ಕಾಣುವಂತೆ ಇಟ್ಟಿದ್ದಾರೆ ಅನ್ನುವುದು ಅವಳ ಮಾತು. ನಾನು ಆ ಚಿತ್ರವನ್ನು ಅಷ್ಟು ಸಲ ನೋಡಿದ್ದೆ, ಗಡಿಯಾರವನ್ನು ನೋಡಿರಲಿಲ್ಲ. ನಕ್ಷೆಯ ಕಥೆ ಬಿಟ್ಟದ್ದಕ್ಕೆ ಈಗಲೂ ಕ್ಷಮೆಯಿಲ್ಲ, ಆದರೆ ಎಂಟರಲ್ಲಿ ನನಗೆ ಈಗ ಅತಿ ಇಷ್ಟವಾದದ್ದು ಅದೇ ಚಿತ್ರ.

ಪುಸ್ತಕ ಹೆಚ್ಚುಕಡಿಮೆ ಉದ್ದಕ್ಕೂ ಹ್ಯಾರಿಯ ಕಣ್ಣಿನಿಂದ ನೋಡುತ್ತದೆ. ಕ್ಯಾಮೆರಾಗೆ ಆ ಕಟ್ಟಿಲ್ಲ. ತನ್ನ ತಂದೆತಾಯಿಯ ನೆನಪಿನಿಂದ ತನ್ನನ್ನೇ ಅಳಿಸಿದ್ದನ್ನು ಪುಸ್ತಕದ ಹರ್ಮಾಯ್ನಿ ಮಾತಿನಲ್ಲಿ ಹೇಳಿ ಮುಗಿಸುತ್ತಾಳೆ. ಏಳನೆಯ ಚಿತ್ರದಲ್ಲಿ ಅವಳು ಸದ್ದಿಲ್ಲದೆ ಅವರ ಬೆನ್ನ ಹಿಂದೆ ನಿಲ್ಲುತ್ತಾಳೆ, ಗೋಡೆಯ ಫೋಟೋಗಳಿಂದ ಅವಳ ಚಿತ್ರ ಒಂದೊಂದಾಗಿ ಮಾಯವಾಗುತ್ತದೆ. ನಾವಿಬ್ಬರೂ ಅತ್ತೆವು. ಆ ದೃಶ್ಯದ ಮಟ್ಟಿಗೆ ಚಿತ್ರವೇ ಮೇಲು ಅಂತ ನಾನು ನನ್ನ ಕೈಯಾರೆ ಬರೆದಿದ್ದೇನೆ. ಕಥೆಯೊಳಗಿನ ಕಥೆಯಾದ ಮೂವರು ಸಹೋದರರ ಕಥೆಗೆ ಬೆನ್ ಹೈಬನ್ ಮಾಡಿದ ನೆರಳಾಟದಂಥ ಅನಿಮೇಷನ್ ಕೂಡ ಅದೇ ಪುಟದಲ್ಲಿದೆ. ಡೇರೆಯೊಳಗೆ ಹ್ಯಾರಿ, ಹರ್ಮಾಯ್ನಿ ಕುಣಿಯುವ ದೃಶ್ಯದ ಬಗ್ಗೆ ಅಭಿಮಾನಿಗಳಲ್ಲಿ ಇಂದಿಗೂ ವಾದವಿದೆ. ನಮಗಿಬ್ಬರಿಗೂ ಅದು ಹಿಡಿಸಿತು: ರಾನ್ ಬಿಟ್ಟುಹೋದ ಮೇಲೆ ಇಬ್ಬರು ಒಂಟಿ ಮಕ್ಕಳು ಒಂದು ಹಾಡಿನಷ್ಟು ಹೊತ್ತು ನಗುತ್ತಾರೆ, ಹಾಡು ಮುಗಿಯುತ್ತದೆ, ನಗು ಆರುತ್ತದೆ.

ಕೊನೆಯ ಚಿತ್ರದಲ್ಲಿ ಸರಣಿಯ ಖಳ ವೋಲ್ಡೆಮಾರ್ಟ್ ಬೂದಿಯಾಗಿ ಗಾಳಿಯಲ್ಲಿ ಚದುರಿಹೋಗುತ್ತಾನೆ. ಪುಸ್ತಕದಲ್ಲಿ ಎಲ್ಲರ ಕಣ್ಣೆದುರು, ಸಾಮಾನ್ಯ ಮನುಷ್ಯನ ಹೆಣವಾಗಿ ನೆಲಕ್ಕೆ ಬೀಳುತ್ತಾನೆ. ಸಾವನ್ನೇ ಗೆಲ್ಲಲು ಹೊರಟವನು ಎಲ್ಲರಂತೆ ಸತ್ತ ಅನ್ನುವುದಕ್ಕೆ ಆ ಹೆಣ ಬೇಕು ಅನ್ನುವುದು ನನ್ನ ವಾದ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಬೂದಿಯಾದರೆ ಅವನು ಕೊನೆಗೂ ನಮ್ಮ ಹಾಗಲ್ಲ ಅಂತಾಗುತ್ತೆ" ಅಂದಳು. ಪೆನ್ನು ಕೇಳಿದಳು.

2023ರಲ್ಲಿ ಇವೇ ಪುಸ್ತಕಗಳ ಹೊಸ ಸರಣಿಯನ್ನು ಘೋಷಿಸಿದ್ದಾರೆ, ಈ ಸಲ ಧಾರಾವಾಹಿಯಾಗಿ. ಅವಳು ಹೊಸ ನೋಟ್‌ಬುಕ್ಕು ತಂದು ಮೂರು ಕಾಲಂ ಎಳೆದಿಟ್ಟಿದ್ದಾಳೆ. ಮೊದಲ ಪುಟದ ಮೇಲ್ತುದಿಯಲ್ಲಿ ಪೆನ್ನಿನಲ್ಲಿ ಒಂದು ಸಾಲು ಆಗಲೇ ಇದೆ: ಮುರಿದ ಕಾಲಿನ ಮೇಲೆ ರಾನ್ ಎದ್ದು ನಿಲ್ಲುತ್ತಾನಾ, ನೋಡಬೇಕು.