ಹವಳದ ಸ್ಟಾಂಪು ಕಾರ್ಡು ಬಿಟ್ಟು ಬಂತು: ನನ್ನ ಅನುಭವ

ಅಮೆರಿಕದ 2019ರ ಹವಳದ ಪೋಸ್ಟ್‌ಕಾರ್ಡ್ ಸ್ಟಾಂಪನ್ನು ಕಾರ್ಡಿನಿಂದ ಬಿಡಿಸಲಾಗದು, ಸುತ್ತ ಕಾಲಿಂಚು ಬಿಟ್ಟು ಕಾಗದದ ಸಮೇತ ಕತ್ತರಿಸಿ ಇಟ್ಟುಕೊಳ್ಳಬೇಕು ಎಂಬುದು ನಮ್ಮ ಸ್ಟಾಂಪು ಸಂಗ್ರಹಕಾರರ ಬಳಗದ ಹಿರಿಯರ ತೀರ್ಪು. ಬಿಡಿಸಬಹುದು. ನಾಲ್ಕೂ ವಿನ್ಯಾಸಗಳು, ಅಂಚೆ ಮುದ್ರೆ ಅಳಿಸದೆ, ಅಂಚಿನ ಹಲ್ಲು ಮುರಿಯದೆ, ಹಿಂಬದಿ ಬೆಳ್ಳಗೆ ಇರುವಂತೆ ನನ್ನ ಆಲ್ಬಮ್ಮಿನಲ್ಲಿವೆ. ಕಾರ್ಡಿನ ತುಂಡಿನೊಂದಿಗೆ ಇಟ್ಟರೆ ಪುಟ ಉಬ್ಬುತ್ತದೆ, ಸ್ಟಾಕ್‌ಬುಕ್ಕಿನಲ್ಲಿ ಸ್ಟಾಂಪು ಸಿಕ್ಕಿಸುವ ಪಟ್ಟಿ ಹರಿಯುತ್ತದೆ. ಪ್ರದರ್ಶನದ ಹಾಳೆಯಲ್ಲಂತೂ ನೋಡಲಾಗದು.

ಹವಳದ ಸ್ಟಾಂಪುಗಳನ್ನೇ ಕೂಡಿಸುವವರಿಗೆ ಈ ಸೆಟ್ಟು ಬೇಕೇ ಬೇಕು. ಎಲ್ಕ್‌ಹಾರ್ನ್, ಸ್ಟಾಗ್‌ಹಾರ್ನ್, ಮಿದುಳು ಹವಳ, ಕಂಬದ ಹವಳ, ಹೀಗೆ ನಾಲ್ಕು. ಮೊದಲೆರಡು 2006ರಿಂದ ಅಲ್ಲಿನ ಅಳಿವಿನಂಚಿನ ಜೀವಿಗಳ ಕಾಯ್ದೆಯ ರಕ್ಷಣೆಯಲ್ಲಿವೆ. ಆಗ 35 ಸೆಂಟಿನ ಕಾರ್ಡ್ ದರಕ್ಕೆಂದೇ ಬಂದದ್ದರಿಂದ ಬಳಸಿದ ಪ್ರತಿ ಸಿಗುವುದು ಹೆಚ್ಚಾಗಿ ದಪ್ಪ ಕಾರ್ಡಿನ ಮೇಲೆ. ತೊಂದರೆ ಅಲ್ಲಿಂದಲೇ ಶುರು.

ಅಮೆರಿಕದ್ದೇ 1980ರ 15 ಸೆಂಟಿನ ಹವಳದ ನಾಲ್ಕರ ಬ್ಲಾಕಿಗೆ ಈ ಗೋಳಿಲ್ಲ, ಅದರದ್ದು ನೀರಿಗೆ ಕರಗುವ ಗೋಂದು. ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಸಾಕು. ನಮ್ಮ ಅಂಚೆ ಇಲಾಖೆಯ 2001ರ ಹವಳದ ಸೆಟ್ಟೂ ಹಾಗೇ, ಬಣ್ಣದ ಕವರಿನ ತುಂಡುಗಳನ್ನು ಮಾತ್ರ ಬೇರೆ ತಟ್ಟೆಯಲ್ಲಿ ನೆನೆಸಿ. (ಹವಳಗಳು ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲ ಷೆಡ್ಯೂಲಿಗೆ ಸೇರಿದ್ದೂ ಅದೇ ವರ್ಷ, ವಿವರಣೆ ಬರೆಯುವಾಗ ಕೆಲಸಕ್ಕೆ ಬರುತ್ತದೆ.) ಅಮೆರಿಕದ್ದೇ 2004ರ ಪೆಸಿಫಿಕ್ ಹವಳದ ಹಾಳೆಯವನ್ನು ಮೊದಲು ಒಂದನ್ನು ನೀರಿಗೆ ಹಾಕಿ ನೋಡಿ, ಆಮೇಲೆ ಉಳಿದದ್ದು. ಆ ಕಾಲದ ಸ್ಟಿಕ್ಕರ್ ಸ್ಟಾಂಪುಗಳಲ್ಲಿ ಕಾಗದಕ್ಕೂ ಅಂಟಿಗೂ ನಡುವೆ ನೀರಿಗೆ ಕರಗುವ ಪದರ ಇದ್ದವೂ ಉಂಟು, ಇಲ್ಲದವೂ ಉಂಟು. 2019ರದರಲ್ಲಿ ಅದಿಲ್ಲ. ರಾತ್ರಿಯಿಡೀ ನೆನೆಸಿದರೆ ಸ್ಟಾಂಪಿನ ಕಾಗದವೇ ಎರಡಾಗಿ ಸೀಳುತ್ತದೆ: ಚಿತ್ರದ ಪೊರೆ ಕೈಗೆ ಬರುತ್ತದೆ, ಅಂಟು ಕಾರ್ಡಿನಲ್ಲೇ ಉಳಿಯುತ್ತದೆ. ಬಿಸಿನೀರು ಅದನ್ನು ಇನ್ನೂ ಬೇಗ ಮಾಡುತ್ತದೆ.

ಕೆಲಸಕ್ಕೆ ಬಾರದವು ಇವು. ಫ್ರೀಜರ್ ದಂಡ. ಹೇರ್ ಡ್ರೈಯರ್‌ಗೆ ಅಂಟು ಮೆತ್ತಗಾಗುತ್ತದೆ, ಆದರೆ ಸ್ಟಾಂಪು ಸುರುಳಿಯಾಗಿ ಹಲ್ಲು ಎಳೆಯುತ್ತದೆ. ಸೀಮೆಎಣ್ಣೆ ಆರುವುದಿಲ್ಲ, ಎಣ್ಣೆಕಲೆ ಶಾಶ್ವತ. ಬಂಕಿನ ಪೆಟ್ರೋಲಿನ ಬಣ್ಣ ಕಾಗದಕ್ಕೆ ಹತ್ತುತ್ತದೆ. ಪೇಂಟಿನ ಥಿನ್ನರ್, ನೇಲ್ ಪಾಲಿಶ್ ತೆಗೆಯುವ ದ್ರವ ಎರಡೂ ಚಿತ್ರದ ಬಣ್ಣಕ್ಕೇ ಕೈಹಾಕುತ್ತವೆ. ಟರ್ಪೆಂಟೈನ್ ಅಂಟು ಬಿಡಿಸುತ್ತದೆ, ಹಳದಿ ಬಿಡುತ್ತದೆ.

ಉಳಿದವು ಎರಡು. ಕಿತ್ತಳೆ ಸಿಪ್ಪೆಯ ಎಣ್ಣೆ, ಅಂದರೆ ಡಿ-ಲಿಮೊನೀನ್, ಮತ್ತು ಲ್ಯಾಬಿನಲ್ಲಿ ಬಳಸುವ, ಬೇಗ ಆರುವ ದ್ರಾವಕ ಎನ್-ಹೆಪ್ಟೇನ್. ಹೊರದೇಶದವರು ಕಿತ್ತಳೆಯ ಏರ್ ಫ್ರೆಶ್ನರ್ ಬಳಸುತ್ತಾರೆ. ಅದನ್ನು ತರಿಸಿದರೆ ಸಾಗಣೆ, ಸುಂಕ ಸೇರಿ ಡಬ್ಬಿಯ ಬೆಲೆಯ ಮೂರು ಪಟ್ಟು ಬೀಳುತ್ತದೆ, ಬಿಡಿ. ಇಲ್ಲಿ ಅಗ್ಗಕ್ಕೆ ಸಿಗುವ ‘ಆರೆಂಜ್ ಆಯಿಲ್’ ಎಷ್ಟೋ ಸಲ ಬೇರೆ ಎಣ್ಣೆ ಬೆರೆಸಿದ್ದು. ಬಿಳಿ ಹಾಳೆಗೆ ಒಂದು ಹನಿ ಬಿಟ್ಟು ಮರುದಿನ ನೋಡಿ. ಉಂಗುರ ಉಳಿದಿದ್ದರೆ ಸ್ಟಾಂಪಿನ ಹತ್ತಿರ ತರಬೇಡಿ. ಶುದ್ಧವಾದದ್ದೂ ಮುಚ್ಚಳ ತೆಗೆದ ಮೇಲೆ ಗಾಳಿಗೆ ಕೆಟ್ಟು ಜಿಗುಟಾಗುತ್ತದೆ, ಆದ್ದರಿಂದ ಸಣ್ಣ ಗಾಜಿನ ಶೀಶೆಗಳಲ್ಲಿ ಕಂಠಮಟ್ಟ ತುಂಬಿಸಿಡಿ. ಹೆಪ್ಟೇನ್ ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಅರ್ಧ ಲೀಟರಿಗೆ ಏಳೆಂಟು ನೂರು ರೂಪಾಯಿ ಆಗಿತ್ತು ಎಂದು ನೆನಪು. ಅಂಗಡಿಯವರು ‘ಹೆಕ್ಸೇನ್ ಕೊಡಲಾ, ಎರಡೂ ಒಂದೇ’ ಎಂದರೆ ಒಪ್ಪಬೇಡಿ. ಹೆಕ್ಸೇನ್ ನರಕ್ಕೆ ಕೆಟ್ಟದ್ದು.

ಇನ್ನು ಕಾರ್ಡು. ಅದರ ಚಿತ್ರದ ಬದಿಗೆ ಹೊಳಪಿನ ಲೇಪ ಇರುತ್ತದೆ, ಯಾವ ದ್ರಾವಕವೂ ಅದನ್ನು ದಾಟಿ ಬರುವುದಿಲ್ಲ. ‘ಹೆಪ್ಟೇನ್ ಹಾಕಿದೆ, ಏನೂ ಆಗಲಿಲ್ಲ’ ಎನ್ನುವವರು ಎಡವುವುದು ಇಲ್ಲೇ. ಸ್ಟಾಂಪಿನ ಸುತ್ತ ಅರ್ಧ ಇಂಚು ಬಿಟ್ಟು ಕತ್ತರಿಸಿ, ಮೂಲೆಯಲ್ಲಿ ಬ್ಲೇಡು ತೂರಿಸಿ ಕಾರ್ಡನ್ನೇ ಪದರ ಪದರವಾಗಿ ಸೀಳುತ್ತ ಬನ್ನಿ. ಸ್ಟಾಂಪನ್ನು ಬಗ್ಗಿಸಬಾರದು, ಅದನ್ನು ಗಾಜಿನ ಮೇಲೆ ಮುಖ ಕೆಳಗಾಗಿ ಅದುಮಿ ಹಿಡಿದು, ಕಾರ್ಡಿನ ಪದರವನ್ನೇ ಹಿಂದಕ್ಕೆ ಮಡಿಸಿ ಎಳೆಯಬೇಕು. ಏರೋಗ್ರಾಮಿನಷ್ಟು ತೆಳುವಾದ ಮೇಲೆ ನಿಲ್ಲಿಸಿ. ಇದಕ್ಕೇ ಒಂದಕ್ಕೆ ಐದು ನಿಮಿಷ ಹಿಡಿಯುತ್ತದೆ, ಉಳಿದದ್ದೆಲ್ಲ ಎರಡು ನಿಮಿಷ.

ಸ್ಟೀಲ್ ತಟ್ಟೆಯಲ್ಲಿ ಮುಖ ಕೆಳಗಾಗಿಟ್ಟು ಡ್ರಾಪರಿನಿಂದ ಹೆಪ್ಟೇನ್ ಏಳೆಂಟು ಹನಿ, ಕಾಗದ ಪಾರದರ್ಶಕವಾಗುವವರೆಗೆ. ಅರ್ಧ ನಿಮಿಷ ಬಿಟ್ಟು ಇನ್ನೊಮ್ಮೆ. ಮೂಲೆ ಏಳುತ್ತದೆ. ಇಲ್ಲೂ ಸ್ಟಾಂಪನ್ನಲ್ಲ, ಕಾಗದವನ್ನೇ ಚಿಮಟದಲ್ಲಿ ಹಿಡಿದು ಎಳೆಯಿರಿ. ತಡೆದರೆ ಬಲ ಹಾಕದೆ ಎರಡು ಹನಿ ಬಿಡಿ, ಹೆಪ್ಟೇನ್ ನೋಡನೋಡುತ್ತಲೇ ಆರಿಹೋಗುವಂಥದ್ದು. ಮೊಂಡು ಸ್ಟಾಂಪಿಗೆ ನಾನು ಹೆಪ್ಟೇನಿಗೆ ಸ್ವಲ್ಪ ಲಿಮೊನೀನ್ ಬೆರೆಸುತ್ತೇನೆ, ಆರುವುದು ನಿಧಾನವಾಗುತ್ತದೆ. ಪ್ರಮಾಣ ಮಾತ್ರ ಹೇಳುವುದಿಲ್ಲ. ಹಾಳಾದರೂ ಚಿಂತೆಯಿಲ್ಲದ ಬಾವುಟದ ಸ್ಟಾಂಪುಗಳ ಮೇಲೆ ನೀವೇ ಕಂಡುಕೊಳ್ಳಿ. ಮುದ್ರೆಯ ಶಾಯಿ ಎಣ್ಣೆಯದ್ದಾಗಿದ್ದರೆ ಒರೆಸಬೇಡಿ, ಬ್ಲಾಟಿಂಗ್ ಪೇಪರಿನಲ್ಲಿ ಒತ್ತಿ ತೆಗೆಯಿರಿ. ಥರ್ಮೋಕೋಲ್ ತಟ್ಟೆಯನ್ನು ಲಿಮೊನೀನ್ ಕರಗಿಸಿಬಿಡುತ್ತದೆ, ತಮಾಷೆಗೆ ಮಾಡಿ ನೋಡಬಹುದು.

ಎರಡೂ ಬೆಂಕಿಗೆ ತುಪ್ಪ. ಹೆಪ್ಟೇನಿನ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ಪಕ್ಕದ ಕೋಣೆಯ ದೇವರ ದೀಪಕ್ಕೂ ಮುಟ್ಟೀತು. ಕಿಟಕಿ ತೆಗೆದು, ದೀಪ, ಊದುಬತ್ತಿ, ಒಲೆ ಎಲ್ಲ ಆರಿಸಿ ಕೂರಬೇಕು.

ಹಿಂಬದಿಯ ಅಂಟು ಪೂರ್ತಿ ಹೋಗುವುದಿಲ್ಲ, ಅದನ್ನು ಪುಡಿಯಿಂದ ಕೊಲ್ಲಬೇಕು. ಮುಖಕ್ಕೆ ಹಚ್ಚುವ ಸುವಾಸನೆಯ ಪೌಡರು ಬೇಡ, ಅದರಲ್ಲಿ ಎಣ್ಣೆ ಇರುತ್ತದೆ. ಕೇರಂ ಪುಡಿ ಬಹುತೇಕ ಬೋರಿಕ್ ಆಮ್ಲ, ಅದೂ ಬೇಡ. ಪಂಕ್ಚರ್ ಅಂಗಡಿಯವರು ಟ್ಯೂಬಿಗೆ ಹಚ್ಚುವ ಫ್ರೆಂಚ್ ಚಾಕ್ ಚೆನ್ನಾಗಿ ಕೂರುತ್ತದೆ, ಒಂದು ಮುಷ್ಟಿ ಹತ್ತಿಪ್ಪತ್ತು ರೂಪಾಯಿ. ಮೆತ್ತನೆಯ ಬ್ರಷ್ಷಿನಲ್ಲಿ ತಟ್ಟಿ, ಹೆಚ್ಚಾದದ್ದನ್ನು ಕೊಡವಿ. ಮಂಗಳೂರಿನಂಥ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಉಳಿದ ಅಂಟು ಮತ್ತೆ ಬೆವರುತ್ತದೆ. ಒಂದು ಬೇಸಿಗೆಯಾದರೂ ಸ್ಟಿಕ್ಕರ್ ಹಾಳೆಯ ಹಿಂದಿನ ಜಾರು ಕಾಗದದ ನಡುವೆ ಇಟ್ಟು, ಆಮೇಲೆ ಸ್ಟಾಕ್‌ಬುಕ್ಕಿಗೆ ಸೇರಿಸಿ.

ಅಂಚೆ ಯಂತ್ರ ಸ್ಟಾಂಪನ್ನು ಗುರುತಿಸಲೆಂದು ಹಚ್ಚುವ ಫಾಸ್ಫರ್ ಲೇಪ ತೊಳೆದುಹೋಗುತ್ತದೆ ಎಂದು ಕೆಲವರ ತಕರಾರು. ನೋಟು ಪರೀಕ್ಷಿಸುವ ದೀಪದಲ್ಲಿ ನೋಡಿ ಹಾಗೆ ಹೇಳುತ್ತಾರೆ. ಅದು ಲಾಂಗ್‌ವೇವ್ ಯುವಿ (ಅತಿನೇರಳೆ) ದೀಪ, ಅದರಲ್ಲಿ ಅಮೆರಿಕದ ಲೇಪ ಹೊಸ ಸ್ಟಾಂಪಿನಲ್ಲೂ ಕಾಣದು. ಶಾರ್ಟ್‌ವೇವ್ ಯುವಿ ದೀಪ ಬೇಕು. ಅದರಡಿ ನನ್ನವು ಬಿಡಿಸುವ ಮೊದಲಿನಂತೆಯೇ ಹೊಳೆಯುತ್ತವೆ.

ಖರ್ಚು: ಅರ್ಧ ಲೀಟರಿನಲ್ಲಿ ಇನ್ನೂರರ ಹತ್ತಿರ ಬಿಡಿಸಬಹುದು, ಒಂದಕ್ಕೆ ನಾಲ್ಕು ರೂಪಾಯಿ ಎಂದಿಟ್ಟುಕೊಳ್ಳಿ. ಕ್ಯಾಟಲಾಗಿನಲ್ಲಿ ಬಳಸಿದ ಪ್ರತಿಯ ಬೆಲೆ ಕನಿಷ್ಠದ್ದೇ, ಹಾಗಾಗಿ ಮಾರಿ ಲಾಭ ಮಾಡುವ ಆಸೆ ಬೇಡ. ಕೈ ಕುದುರಿದ ಮೇಲೆ ಹತ್ತಕ್ಕೆ ಒಂದು ಹಾಳಾದರೆ ಹೆಚ್ಚು.

ಮೊದಲ ದಿನದ ಮುದ್ರೆಯ ಕಾರ್ಡು, ವಿಳಾಸ ಸಮೇತ ಚೆನ್ನಾಗಿ ಓಡಿಬಂದ ಕಾರ್ಡು ಸಿಕ್ಕರೆ ಬ್ಲೇಡು ಮುಟ್ಟಿಸಬೇಡಿ, ಇಡಿಯಾಗಿಯೇ ಅದಕ್ಕೆ ಬೆಲೆ. ಈಗ ಕೈಯಲ್ಲಿರುವುದು ಅಮೆರಿಕದ 2022ರ ಸಮುದ್ರ ಅಭಯಧಾಮಗಳ ಹಾಳೆ, ಅವಕ್ಕೆಂದು ಅಲ್ಲಿ ಬಂದ 1972ರ ಕಾಯ್ದೆಗೆ ಐವತ್ತು ತುಂಬಿದ ನೆನಪಿನ ಹದಿನಾರು ಸ್ಟಾಂಪುಗಳು. ಕವರಿನ ಕಾಗದ ತೆಳುವಾದ್ದರಿಂದ ಸೀಳುವ ಕೆಲಸವೇ ಇಲ್ಲ, ಸುಲಭವಾಗಿ ಏಳುತ್ತಿವೆ. 2019ರ ಕಂಬದ ಹವಳದ್ದು ನನ್ನಲ್ಲಿ ಎರಡು ಮೂರು ಹೆಚ್ಚುವರಿ ಇವೆ. ಬದಲಿಗೆ ನಮ್ಮ 2001ರ 45 ರೂಪಾಯಿಯದು, ಊರ ಹೆಸರು ಓದಲು ಬರುವ ಮುದ್ರೆಯಿದ್ದರೆ, ಒಂದಕ್ಕೆ ಎರಡು ಕೊಡುತ್ತೇನೆ.